ಬೇಲಿ 12 ಎಕರೆ, ಪಹಣಿ ಏಳೂವರೆ

"ಬೇಲಿ ಒಳಗಿರೋದೆಲ್ಲ ನಮ್ದೇ ಸಾರ್, ಅಪ್ಪನ ಕಾಲದಿಂದ ಮಾಡ್ಕೊಂಡು ಬಂದಿದೀವಿ."

ಮೂಡಿಗೆರೆ ಕಡೆ ಕಾಫಿ ತೋಟ ತೋರಿಸುವಾಗ ಈ ಮಾತು ಬಂದರೆ ಏಜೆಂಟ್ ಆದವನು ರೇಟಿನ ಮಾತನ್ನು ಅಲ್ಲೇ ನಿಲ್ಲಿಸಬೇಕು. ಮೊನ್ನೆ ಮುರಿದ ವ್ಯವಹಾರದಲ್ಲಿ ನಡುವಿನವರು ಯಾರೂ ನಿಲ್ಲಿಸಲಿಲ್ಲ. ಬೆಂಗಳೂರಿನ ಪಾರ್ಟಿ 12 ಎಕರೆಗೆ ಲೆಕ್ಕ ಹಾಕಿ ಟೋಕನ್ ಕೊಟ್ಟಾಗಿತ್ತು. ಪಹಣಿ (ಆರ್‌ಟಿಸಿ) ತೆಗೆಸಿದರೆ 7 ಎಕರೆ 20 ಗುಂಟೆ, ಅದರಲ್ಲೂ 12 ಗುಂಟೆ 'ಬಿ' ಖರಾಬು, ಅಂದರೆ ದಾರಿ, ಹಳ್ಳದಂಥ ಸಾರ್ವಜನಿಕ ಬಳಕೆಯ ಜಾಗ. ಕಾಫಿ ಒಣಗಿಸುವ ಕಣದಲ್ಲಿ ನಿಂತು ಪಾರ್ಟಿ ಪಹಣಿ ನೋಡೋದು, ಓನರ್ ಸಿಲ್ವರ್ ಮರ ನೋಡೋದು, ಯಾರ ಬಾಯಲ್ಲೂ ಮಾತಿಲ್ಲ.

ಬೇಲಿಯೊಳಗೆ ಉಳಿದದ್ದು ಸರ್ಕಾರಿ ಜಾಗದ ಒತ್ತುವರಿ. ಕೇಳಿದರೆ ಒತ್ತುವರಿ ಸಕ್ರಮಕ್ಕೆ ಹಾಕುವ ಫಾರಂ 57ರ ಸ್ವೀಕೃತಿ ಮುಂದಿಡುತ್ತಾರೆ. ಅದು ಅರ್ಜಿ ಕೊಟ್ಟಿದ್ದಕ್ಕೆ ರಸೀದಿ ಅಷ್ಟೆ, ಮಂಜೂರಾತಿ ಅಲ್ಲ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಕ್ರಯ ಆಗೋದು ಹಿಡುವಳಿಗೆ, ಅಂದರೆ ಪಹಣಿಯಲ್ಲಿ ಓನರ್ ಹೆಸರಿಗಿರುವ ಜಮೀನಿಗೆ ಮಾತ್ರ. ಒತ್ತುವರಿ ಜಾಗ ಅರಣ್ಯ ಕಾಯ್ದೆಯ ಸೆಕ್ಷನ್ 4ರ ನೋಟಿಫಿಕೇಶನ್ನಿನೊಳಗೆ (ಮೀಸಲು ಅರಣ್ಯ ಮಾಡುವ ಪ್ರಸ್ತಾವದ ಪ್ರಕಟಣೆ) ಬಿದ್ದಿದ್ದರೆ ಸ್ವಾಧೀನಕ್ಕೂ ಭರವಸೆ ಇಲ್ಲ.

ಹಾಗಾಗಿ ತೋಟಕ್ಕೆ ಹೋಗುವ ಮೊದಲೇ ಪಹಣಿ. 3ನೇ ಕಾಲಂನಲ್ಲಿ ಒಟ್ಟು ವಿಸ್ತೀರ್ಣವನ್ನಲ್ಲ, ಖರಾಬು ಕಳೆದು ಉಳಿದದ್ದನ್ನು ನೋಡಿ. 9ರಲ್ಲಿ ಜಂಟಿ ಹೆಸರಿದ್ದರೆ ಅಷ್ಟೂ ಜನರ ಸಹಿ ಬೇಕು. 11ರಲ್ಲಿ ಸೊಸೈಟಿ ಸಾಲ ಕೂತಿರುತ್ತದೆ, ಇಸಿ (ಋಣಭಾರ ಪತ್ರ) ಒಂದನ್ನೇ ನಂಬಿದರೆ ಇದು ತಪ್ಪಿಹೋಗಬಹುದು. ಮೂಲ ಕ್ರಯಪತ್ರ ಕೇಳಿದಾಗ ಜೆರಾಕ್ಸ್ ಬಂದರೆ ಅಸಲು ಯಾವ ಬ್ಯಾಂಕಿನಲ್ಲಿದೆ ಎಂದು ಕೇಳಿ. ಮಂಜೂರಾದ ಜಮೀನಾದರೆ ಸಾಗುವಳಿ ಚೀಟಿ (ಮಂಜೂರಾತಿ ಪತ್ರ) ಯಾರ ಹೆಸರಿಗಿತ್ತು ಎಂದು ನೋಡಲೇಬೇಕು. ಪರಿಶಿಷ್ಟರಿಗೆ ಕೊಟ್ಟ ಭೂಮಿಯಾದರೆ ಅಂಥ ಭೂಮಿಯ ಪರಭಾರೆ ನಿಷೇಧಿಸುವ 1978ರ ಪಿಟಿಸಿಎಲ್ ಕಾಯ್ದೆ ಬರುತ್ತದೆ, ಸರ್ಕಾರದ ಅನುಮತಿ ಇಲ್ಲದ ಕ್ರಯ ಊರ್ಜಿತವಲ್ಲ. ಭೂಮಿ ವಾಪಸ್ ಕೇಳಲು ಕಾಲಮಿತಿ ಇಲ್ಲ ಎಂದು 2023ರ ತಿದ್ದುಪಡಿ ಹೇಳಿದ ಮೇಲೆ 'ಹಳೇ ಕಾಲದ್ದು ಬಿಡಿ' ಎಂದು ನಿಶ್ಚಿಂತೆಯಿಂದ ಇರುವಂತಿಲ್ಲ.

ಆಮೇಲೆ ಮೊಬೈಲಿನಲ್ಲಿ ದಿಶಾಂಕ್ (ನಿಂತ ಜಾಗದ ಸರ್ವೆ ನಂಬರ್ ತೋರಿಸುವ ಆ್ಯಪ್) ಹಾಕಿಕೊಂಡು ಬೇಲಿಯುದ್ದಕ್ಕೂ ನಡೆಯಿರಿ. ದಟ್ಟ ಮರದಡಿ ಜಿಪಿಎಸ್ ಆಚೀಚೆ ಜಾರುತ್ತದೆ, ಗಡಿ ತೀರ್ಮಾನಕ್ಕೆ ಅದು ಸಾಲದು. ಆದರೆ ಕಣ, ಲೈನ್ ಮನೆ (ಕಾರ್ಮಿಕರ ಸಾಲು ಮನೆ), ಬೋರ್‌ವೆಲ್, ಕೆರೆ ಯಾವ ಸರ್ವೆ ನಂಬರಿನಲ್ಲಿವೆ ಎಂಬ ಅಂದಾಜು ಸಿಗುತ್ತದೆ. ಹಳ್ಳದ ಪಕ್ಕದ ಸಮತಟ್ಟು ಜಾಗವೇ ಎಷ್ಟೋ ಸಲ ಒತ್ತುವರಿ. ನೀರು ಅಲ್ಲೇ, ಕಣ ಅಲ್ಲೇ. ಅದನ್ನು ಬಿಟ್ಟರೆ ಪಾರ್ಟಿಗೆ ಸಿಗೋದು ನೀರಿಲ್ಲದ ಗುಡ್ಡ. ಗಡಿ ಗುರುತಿಸಲು ಹದ್ದುಬಸ್ತು ಸರ್ವೆ ಮಾಡಿಸಿ ಬಾಂದು ಕಲ್ಲು (ಗಡಿ ಕಲ್ಲು) ನೋಡಬೇಕು. ಸರ್ವೆ ನಂಬರಿನ ಒಂದು ಭಾಗ ಮಾತ್ರ ಮಾರುವುದಾದರೆ 11ಇ ಸ್ಕೆಚ್ (ಆ ಭಾಗವನ್ನು ಅಳೆದು ಕೊಡುವ ಸರ್ವೆ ನಕ್ಷೆ) ಇಲ್ಲದೆ ನೋಂದಣಿ ನಡೆಯದು. ಅದಕ್ಕೆ ಹಿಡಿಯುವ ಸಮಯವನ್ನು ಅಗ್ರಿಮೆಂಟಿನ ಅವಧಿಯಲ್ಲೇ ಸೇರಿಸಿ.

ರೇಟು ಹಿಡುವಳಿಗೆ ಮಾತ್ರ ಎಕರೆ ಲೆಕ್ಕದಲ್ಲಿರಲಿ, ಒತ್ತುವರಿಯನ್ನು ಅದರಲ್ಲಿ ಸೇರಿಸಬೇಡಿ. ಹೀಗಂದರೆ ಓನರ್ ಮುಖ ಗಂಟಿಕ್ಕುತ್ತಾರೆ, ಜೊತೆಗಿನ ಏಜೆಂಟರು 'ಪಾರ್ಟಿ ಓಡಿಸ್ತೀರಲ್ರೀ' ಅಂತಾರೆ. ಎರಡು ಪರ್ಸೆಂಟ್ ಕಮಿಷನ್ನಿಗೆ ಆರು ಜನ ಕಾದಿರುವಾಗ ಪಹಣಿ ಓದುವ ಪುರುಸೊತ್ತು ಯಾರಿಗಿದೆ? ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಅದೇ ತೋಟ ಮತ್ತೆ ಬಂದಿದೆ: '12 ಎಕರೆ, ಡಾಕ್ಯುಮೆಂಟ್ ಕ್ಲಿಯರ್.'