ಪುಕ್ಕಟೆ ಬಂದ ಸೋಫಾ

ಊರು ಬಿಟ್ಟು ಮಹಾನಗರಕ್ಕೆ ಬಂದಾಗ ನನ್ನ ಜೊತೆಗಿದ್ದದ್ದು ಒಂದು ತಗಡಿನ ಟ್ರಂಕು, ಒಂದು ಚಾಪೆ, ಎರಡು ಹೊದಿಕೆ, ಒಂದು ಬಕೆಟ್ಟು. ಪಾತ್ರೆಗಳು ಬಕೆಟ್ಟಿನೊಳಗೇ ಕೂತು ಬಂದವು. ಮೂರನೇ ಮಹಡಿಯಲ್ಲಿ 10 ಅಡಿ ಅಗಲ, 12 ಅಡಿ ಉದ್ದದ ರೂಮು. ಟ್ರಂಕೇ ಮೇಜು, ಟ್ರಂಕೇ ಕುರ್ಚಿ, ಬಟ್ಟೆಯ ಬೀರುವೂ ಅದೇ. ರಾತ್ರಿ ಚಾಪೆ ಹಾಸಿದರೆ ರೂಮೆಲ್ಲ ಮಂಚ, ಬೆಳಿಗ್ಗೆ ಸುತ್ತಿಟ್ಟರೆ ರೂಮೆಲ್ಲ ಅಂಗಳ.

ಎಂಟು ತಿಂಗಳು ಹೀಗೇ ಕಳೆದೆ. ಕಷ್ಟಪಟ್ಟು ಕಳೆದೆ ಅಂದರೆ ಸುಳ್ಳಾಗುತ್ತದೆ. ಒಳಗೊಳಗೇ ಸಣ್ಣ ಜಂಬ ಇತ್ತು. ಆಫೀಸಿನವರು ಕಂತು, ಕಾರ್ಡು, ಬಡ್ಡಿ ಅಂತ ಮಾತಾಡುವಾಗ ನಾನು ಖರ್ಚಿನ ಪುಸ್ತಕವನ್ನು ನೆನೆಸಿಕೊಂಡು ಸುಮ್ಮನೆ ನಗುತ್ತಿದ್ದೆ. ಬೇರೆಯವರಿಗೆ ಎಷ್ಟು ಅಸಹ್ಯವಾಗಿ ಕಂಡಿರಬೇಕು ಆ ನಗು ಅಂತ ಈಗ ಅನ್ನಿಸುತ್ತದೆ.

ಮೊದಲನೇ ಮಹಡಿಯವರು ಮನೆ ಖಾಲಿ ಮಾಡುವ ಹಿಂದಿನ ದಿನ ಮೆಟ್ಟಿಲ ಬಳಿ ಸಿಕ್ಕರು. "ಸಾರ್, ನಮ್ಮ ಸೋಫಾ ಹೊಸ ಮನೆಗೆ ಹಿಡಿಸಲ್ಲ. ನೀವು ಇಟ್ಕೊಳ್ತೀರಾ? ದುಡ್ಡೇನೂ..." ಅವರು 'ಬೇಡ' ಅನ್ನುವುದರೊಳಗೆ ನಾನು 'ಆಯ್ತು' ಅಂದಿದ್ದೆ.

ದುಡ್ಡು ಕೊಟ್ಟು ಕೊಳ್ಳುವ ವಸ್ತುವಾಗಿದ್ದರೆ ಮೂರು ವಾರ ಯೋಚಿಸುತ್ತಿದ್ದೆ. ಅಂಗಡಿ ಮುಂದೆ ಹೋಗಿ ಬರುತ್ತಿದ್ದೆ, ಅಳತೆ ತೆಗೆಯುತ್ತಿದ್ದೆ, ಕೊನೆಗೆ ಬೇಡ ಅನ್ನುತ್ತಿದ್ದೆ. ಪುಕ್ಕಟೆ ಅಂದಕೂಡಲೇ ನನ್ನೊಳಗಿನ ಆ ಕಾವಲುಗಾರ ನಿದ್ದೆ ಹೋದ. ಪುಕ್ಕಟೆ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ ಅನ್ನುವ ಗಾದೆ ಹುಟ್ಟಿದ್ದು ದುಂದುಗಾರರನ್ನು ನೋಡಿ ಅಲ್ಲ, ನನ್ನಂಥವರನ್ನು ನೋಡಿಯೇ ಇರಬೇಕು.

ಮಾರನೇ ದಿನ ಬೆಳಿಗ್ಗೆ ಸಾಗಣೆ. ಸೋಫಾದ ಒಂದು ತುದಿ ನನ್ನದು, ಇನ್ನೊಂದು ತುದಿ ಪಕ್ಕದ ರೂಮಿನ ಹುಡುಗನದು. ಗಣಿತದಲ್ಲಿ ಎಂ.ಎಸ್ಸಿ. ಓದುತ್ತಿದ್ದ, ತೋಳಲ್ಲಿ ಅಷ್ಟೇನೂ ಬಲವಿರಲಿಲ್ಲ. ಮೊದಲ ಹತ್ತು ಮೆಟ್ಟಿಲು ಸಲೀಸು. ಎರಡನೇ ಮಹಡಿಯ ತಿರುವಿನಲ್ಲಿ ಸೋಫಾ ಕಚ್ಚಿಕೊಂಡಿತು. ಎಡಕ್ಕೆ ಎಳೆದರೆ ಸೋಫಾದ ಕೈ ಮೆಟ್ಟಿಲ ಕಂಬಿಗೆ, ಬಲಕ್ಕೆ ತಳ್ಳಿದರೆ ಬೆನ್ನು ಗೋಡೆಗೆ. ಮೇಲಕ್ಕೂ ಹೋಗಲ್ಲ, ಕೆಳಕ್ಕೂ ಬರಲ್ಲ. ಗೋಡೆಯ ಸುಣ್ಣ ಅಂಗೈಯಗಲ ಕಿತ್ತು ಬಂತು.

ಸರಿಯಾಗಿ ಆಗಲೇ ಎರಡನೇ ಮಹಡಿಯ ಅಜ್ಜಿ ಬಾಗಿಲು ತೆಗೆಯಲು ನೋಡಿದರು. ಬಾಗಿಲು ನಾಲ್ಕು ಬೆರಳು ತೆರೆದು ಸೋಫಾಕ್ಕೆ ಬಡಿದು ನಿಂತಿತು. ಸಂದಿಯಲ್ಲಿ ಒಂದು ಕಣ್ಣು, ಅರ್ಧ ಕನ್ನಡಕ.

"ಏನ್ರಪ್ಪಾ ಇದು? ನಾನು ಆಚೆ ಬರೋದು ಹೆಂಗೆ?"

"ಒಂದೈದು ನಿಮಿಷ ಅಜ್ಜಿ," ಅಂದೆ. ಅದು ಇಪ್ಪತ್ತಾಯಿತು.

ಸುಸ್ತಾಗಿ ಮೆಟ್ಟಿಲ ಮೇಲೆ ಕೂತ ಹುಡುಗ ಇದ್ದಕ್ಕಿದ್ದಂತೆ ಉತ್ಸಾಹದಿಂದ, "ಅಣ್ಣಾ, ಇದು ಗಣಿತದಲ್ಲೇ ಇರೋ ಸಮಸ್ಯೆ ಗೊತ್ತಾ?" ಅಂದ. ನನಗೆ ತಮಾಷೆ ಅನ್ನಿಸಿತು. ಅಲ್ಲವಂತೆ. 1966ರಲ್ಲಿ ಲಿಯೊ ಮೋಸರ್ ಎಂಬ ಗಣಿತಜ್ಞ ಕೇಳಿದ ಪ್ರಶ್ನೆಯಂತೆ: ಒಂದು ಅಳತೆ ಅಗಲದ ಓಣಿ, ಮಧ್ಯೆ ಲಂಬಕೋನದ ತಿರುವು, ಅದರೊಳಗೆ ಜಾರಿಸಿಕೊಂಡು ಹೋಗಬಹುದಾದ ಅತಿ ದೊಡ್ಡ ಸೋಫಾದ ವಿಸ್ತೀರ್ಣ ಎಷ್ಟು? 1992ರಲ್ಲಿ ಜೋಸೆಫ್ ಗೆರ್ವರ್ ಒಂದು ವಿಚಿತ್ರ ಆಕಾರ ಕಟ್ಟಿ, ಓಣಿ ಒಂದು ಮೀಟರ್ ಅಗಲ ಅಂದುಕೊಂಡರೆ, ವಿಸ್ತೀರ್ಣವನ್ನು 2.2195 ಚದರ ಮೀಟರಿನವರೆಗೆ ತಂದರು. ಅದಕ್ಕಿಂತ ದೊಡ್ಡದು ಆಗುವುದೇ ಇಲ್ಲ ಎಂದು 2024ರಲ್ಲಿ ಕೊರಿಯಾದ ಜಿನಿಯನ್ ಬೇಕ್ ನೂರಕ್ಕೂ ಹೆಚ್ಚು ಪುಟದ ರುಜುವಾತು ಬರೆದರು.

"ಅವರ ಸೋಫಾಕ್ಕೆ ಕಾಲಿತ್ತೇನಪ್ಪಾ?" ಸಂದಿಯಿಂದ ಅಜ್ಜಿ.

"ಇಲ್ಲ ಅಜ್ಜಿ. ಅದು ಬರೀ ನೆಲದ ಮೇಲೆ ಜಾರಿಸೋ ಲೆಕ್ಕ. ಎತ್ತಿ ನಿಲ್ಲಿಸೋ ಹಾಗಿಲ್ಲ."

"ನಿಮಗೆ ಯಾರು ಬೇಡ ಅಂದ್ರು? ಮೊದಲು ಕಾಲು ಬಿಚ್ಚಿ. ಆಮೇಲೆ ಎತ್ತಿ ನಿಲ್ಲಿಸಿ ತಿರುಗಿಸಿ." ಅದೇ ಸಂದಿಯಿಂದ ಒಂದು ಸ್ಕ್ರೂಡ್ರೈವರ್ ಹೊರಗೆ ಬಂತು.

ಕಾಲು ಬಿಚ್ಚಿದೆವು, ನೆಟ್ಟಗೆ ನಿಲ್ಲಿಸಿದೆವು, ತಿರುಗಿತು. ಅಜ್ಜಿ ಆಚೆ ಬಂದು ನಮ್ಮಿಬ್ಬರನ್ನೂ ಒಮ್ಮೆ ನೋಡಿ, ಏನೂ ಹೇಳದೆ ಇಳಿದು ಹೋದರು.

ರೂಮಿಗೆ ತಂದು ಕಾಲು ಕೂರಿಸುವಾಗ ಮೂರು ಕೂತವು. ನಾಲ್ಕನೆಯದರ ತಿರುಪು ಸವೆದುಹೋಗಿ ಸ್ಕ್ರೂ ಸುಮ್ಮನೆ ಗರಗರ ತಿರುಗುತ್ತಿತ್ತು. ಆ ಮೂಲೆಗೆ ಒಂದು ಇಟ್ಟಿಗೆ ಕೊಟ್ಟು ಸೋಫಾದಲ್ಲಿ ಕೂತೆ. ಒರಗಿದೆ. ಎಂಟು ತಿಂಗಳಿಂದ ಬೆನ್ನಿಗೆ ಗೋಡೆ ಬಿಟ್ಟು ಬೇರೇನೂ ಗೊತ್ತಿರಲಿಲ್ಲ. ಸುಖ ಅಂದರೆ ಸುಖ, ಅದನ್ನು ಅಲ್ಲಗಳೆಯುವುದಿಲ್ಲ.

ಮೂರನೇ ದಿನಕ್ಕೆ ಟ್ರಂಕಿನ ತುಕ್ಕು ಕಾಣಿಸಿತು. ಅಲ್ಲಿಯವರೆಗೆ ಅದು ತುಕ್ಕು ಹಿಡಿದಿದೆ ಅಂತಲೇ ನನಗೆ ಗೊತ್ತಿರಲಿಲ್ಲ. ಸೋಫಾದ ಎದುರು ಟ್ರಂಕು ಮದುವೆ ಮನೆಗೆ ಕೆಲಸದ ಬಟ್ಟೆಯಲ್ಲಿ ಬಂದವನ ಹಾಗೆ ನಿಂತಿತ್ತು. ಅದಕ್ಕೊಂದು ಬಟ್ಟೆ ಹೊದಿಸಿದೆ. ಸೋಫಾದ ಬಟ್ಟೆಗೆ ಧೂಳು ಕೂರುತ್ತದೆಂದು ಒಂದು ಕವರ್ ತಂದೆ. ಕವರಿನ ಬಣ್ಣಕ್ಕೆ ಗೋಡೆ ಮಾಸಿದಂತೆ ಕಂಡಿತು. ಫ್ರೆಂಚ್ ಲೇಖಕ ಡಿಡೆರೊ ಹೊಸ ಕೆಂಪು ನಿಲುವಂಗಿ ಬಂದಮೇಲೆ ಮನೆಯ ಹಳೆಯ ಸಾಮಾನೆಲ್ಲ ಕಳೆಗುಂದಿ ಕಂಡು, ಒಂದೊಂದಾಗಿ ಬದಲಾಯಿಸಿ, ಕೊನೆಗೆ ಹಳೆ ಅಂಗಿಗಾಗಿ ಮರುಗಿದ್ದನ್ನು 1769ರಲ್ಲೇ ಬರೆದಿಟ್ಟಿದ್ದಾನೆ. ನನಗೆ ಅದು ತಿಳಿದದ್ದು ಕವರ್ ತಂದ ಮೇಲೆ.

ಚಾಪೆ ಹಾಸಲು ಜಾಗ ಸಾಲದೆ ಸೋಫಾದಲ್ಲೇ ಮಲಗತೊಡಗಿದೆ. ಹೊರಗಿನ ಅಳತೆ ಆರೂವರೆ ಅಡಿ, ಆದರೆ ಎರಡು ಕೈಗಳ ನಡುವೆ ಉಳಿಯುವುದು ಐದೇ ಅಡಿ. ನಾನು ಐದು ಅಡಿ ಏಳು ಅಂಗುಲ. ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕು ಅಂತ ಕೇಳಿ ಬೆಳೆದವನು ರಾತ್ರಿಯೆಲ್ಲ ಕಾಲು ಮಡಚಿಕೊಂಡು ಅದನ್ನು ಅಕ್ಷರಶಃ ಪಾಲಿಸಿದೆ.

ಒಂದು ದಿನ ಅಮ್ಮನಿಗೆ ವಿಡಿಯೊ ಕಾಲ್ ಮಾಡಿದೆ. ಸೋಫಾ ತೋರಿಸುವ ಆಸೆಗೇ ಮಾಡಿದ್ದು, ಮುಚ್ಚಿಟ್ಟು ಏನು ಪ್ರಯೋಜನ. ಅಮ್ಮ ನನ್ನ ಮುಖಕ್ಕಿಂತ ಹಿಂದೆಯೇ ನೋಡುತ್ತಾ, "ಯಾರ ಮನೆಗೆ ಹೋಗಿದೀಯೋ?" ಅಂದರು.

"ನನ್ನ ರೂಮೇ ಕಣಮ್ಮ."

"ಹೌದಾ? ಕಿಟಕಿ ಎಲ್ಲೋ?"

ಕಿಟಕಿ ಸೋಫಾದ ಬೆನ್ನ ಹಿಂದೆ ಹೋಗಿತ್ತು. ಒಳಕ್ಕೆ ತೆರೆಯುವ ಬಾಗಿಲು, ತೆರೆಯಲು ಸ್ಥಳವಿಲ್ಲ. ಹಗಲಲ್ಲೂ ದೀಪ ಹಾಕುತ್ತಿದ್ದೆ.

ಆ ರಾತ್ರಿ ಖರ್ಚಿನ ಪುಸ್ತಕ ತೆಗೆದೆ. ಮೊದಲು ದೀಪದ ಲೆಕ್ಕ ಹಾಕಿದೆ, ಯಾಕೆಂದರೆ ನನ್ನ ಜಿಪುಣತನಕ್ಕೆ ಪಳಗಿದ ದಾರಿ ಅದೇ. 9 ವ್ಯಾಟಿನ ಎಲ್‌ಇಡಿ ಬಲ್ಬು ದಿನಕ್ಕೆ 8 ಗಂಟೆ ಉರಿದರೆ ಒಂದು ಯೂನಿಟ್ ಆಗಲು ಸುಮಾರು 14 ದಿನ ಬೇಕು. ಅಂದರೆ ಏನೂ ಅಲ್ಲ. ರೂಮಿಂದ ಹೊರಬರುವಾಗೆಲ್ಲ ಎರಡೆರಡು ಸಲ ಸ್ವಿಚ್ ಮುಟ್ಟಿ ನೋಡುತ್ತಿದ್ದವನಿಗೆ ಇದು ಸ್ವಲ್ಪ ಅವಮಾನವೇ. ಆಮೇಲೆ ಟೇಪು ಹಿಡಿದು ಸೋಫಾ ಅಳೆದೆ. ಉದ್ದ ಆರೂವರೆ, ಅಗಲ ಮೂರು, ಹತ್ತೊಂಬತ್ತೂವರೆ ಚದರಡಿ. ರೂಮು 120. ಆರರಲ್ಲಿ ಒಂದು ಪಾಲು. ತಿಂಗಳ ಬಾಡಿಗೆಯ ಆರನೇ ಒಂದು ಪಾಲನ್ನು ನಾನು ಸೋಫಾದ ಪರವಾಗಿ ಕಟ್ಟುತ್ತಿದ್ದೆ. ವರ್ಷ ಇಟ್ಟುಕೊಂಡರೆ ಎರಡು ತಿಂಗಳ ಬಾಡಿಗೆ. ಪುಕ್ಕಟೆ!

ನನ್ನಜ್ಜ ಡೊಂಕಾದ ಮೊಳೆಗಳನ್ನೂ ಡಬ್ಬಿಯಲ್ಲಿ ಹಾಕಿ ಅಟ್ಟದ ಮೇಲೆ ಇಡುತ್ತಿದ್ದರು. ಮುಂದೊಂದು ದಿನ ಬೇಕಾಗುತ್ತದೆ ಅನ್ನುತ್ತಿದ್ದರು, ಬೇಕಾಗುತ್ತಿತ್ತು ಕೂಡ. ಅಲ್ಲಿ ಮೊಳೆ ತುಟ್ಟಿ, ಅಟ್ಟ ಪುಕ್ಕಟೆ. ನಗರದಲ್ಲಿ ಅದು ತಲೆಕೆಳಗು. ತಿಂಗಳು ತಿಂಗಳು ಯಾರಾದರೂ ಮನೆ ಖಾಲಿ ಮಾಡುತ್ತಿರುತ್ತಾರೆ, ವಸ್ತುಗಳಿಗೆ ಬರವಿಲ್ಲ. ತುಟ್ಟಿ ಇರುವುದು ಅವು ಕೂರುವ ನೆಲ. ನಾನು ಟ್ರಂಕಿನ ಜೊತೆ ಅಜ್ಜನ ಮಿತವ್ಯಯವನ್ನೂ ಹಾಗೇ ಹೊತ್ತು ತಂದಿದ್ದೆ, ಇಲ್ಲಿಗೆ ತಕ್ಕಂತೆ ಒಂದು ಹೊಲಿಗೆಯನ್ನೂ ಬಿಚ್ಚಿರಲಿಲ್ಲ.

ಕೊಡೋಣವೆಂದರೆ ತೆಗೆದುಕೊಳ್ಳುವವರಿಲ್ಲ. ಆಫೀಸಿನಲ್ಲಿ ಕೇಳಿದೆ, ಎಲ್ಲರೂ ನಗುತ್ತಾ ನುಣುಚಿಕೊಂಡರು. ನನ್ನ ಆ ಹಳೆಯ ನಗು ಅವರ ಮುಖದಲ್ಲಿ ಕಂಡಂತಾಯಿತು. ಅಜ್ಜಿಯನ್ನು ಕೇಳಿದರೆ, "ನನಗ್ಯಾಕಪ್ಪಾ? ಕೂತರೆ ಏಳೋಕೆ ಇನ್ನೊಬ್ಬರು ಬೇಕಾಗುತ್ತೆ" ಅಂದರು. ಕೊನೆಗೆ ಗಣಿತದ ಹುಡುಗನೇ ದಾರಿ ತೋರಿಸಿದ. ಅವನ ಗೆಳೆಯರು ನಾಲ್ವರು ಸೇರಿ ಒಂದು ಮನೆ ಹಿಡಿದಿದ್ದರು. ಹಾಲ್ ದೊಡ್ಡದು, ನಾಲ್ವರಿಗೂ ಇದ್ದದ್ದು ಒಂದೇ ಕುರ್ಚಿ. ಸೋಫಾ ಬೇಕು, ಆದರೆ ಗಾಡಿ ಬಾಡಿಗೆ ಕೊಡಲು ಅವರಲ್ಲಿ ದುಡ್ಡಿಲ್ಲ. ನಾನೇ ಕೊಟ್ಟೆ. ಪುಸ್ತಕದಲ್ಲಿ 'ಪುಕ್ಕಟೆ ಸೋಫಾ, ಸಾಗಣೆ' ಅಂತ ಬರೆದು ಮುಂದೆ ಮೊತ್ತ ಹಾಕುವಾಗ ಪೆನ್ನು ಒಂದು ಗಳಿಗೆ ನಿಂತಿತು.

ಇಳಿಸುವ ದಿನ ಕಾಲುಗಳನ್ನು ಮೊದಲೇ ಬಿಚ್ಚಿ ಚೀಲಕ್ಕೆ ಹಾಕಿದೆವು. ತಿರುವಿನಲ್ಲಿ ಕಿತ್ತುಹೋಗಿದ್ದ ಸುಣ್ಣದ ಗುರುತು ಹಾಗೇ ಇತ್ತು. ಅದನ್ನೇ ಗುರಿಯಿಟ್ಟುಕೊಂಡು ನಿಲ್ಲಿಸಿ ತಿರುಗಿಸಿದೆವು, ಎರಡೇ ನಿಮಿಷ. ಗಾಡಿ ಹತ್ತಿಸುವಾಗ ಹುಡುಗರಲ್ಲೊಬ್ಬ ಚೀಲ ನೋಡಿ, "ಅಣ್ಣಾ, ಮೂರೇ ಕಾಲಿದೆಯಲ್ಲ?" ಅಂದ.

"ನಾಲ್ಕನೇದು ಕೂರಲ್ಲ ಮಾರಾಯ. ಇಟ್ಟಿಗೆ ಕೊಡ್ತೀನಿ, ತಗೊಂಡು ಹೋಗಿ."

ಮೇಲೆ ಬಂದಾಗ ಗೋಡೆ ಪಕ್ಕ ಆರೂವರೆ ಅಡಿ ಉದ್ದದ ಧೂಳಿನ ಚೌಕ, ಅದರ ನಡುವೆ ಎರಡು ನಾಣ್ಯ, ಒಂದು ಬಾಚಣಿಗೆ, ಯಾವತ್ತೋ ಕಳೆದುಹೋಗಿದ್ದ ಕಾಲುಚೀಲ. ಗುಡಿಸಿ ಒರೆಸಿ ಚಾಪೆ ಹಾಸಿದೆ. ಕಿಟಕಿ ತೆಗೆದೆ. ಅದರ ಕೊಂಡಿ ಮೊದಲಿನಿಂದಲೂ ಮುರಿದದ್ದು, ಗಾಳಿಗೆ ಪಟಪಟ ಬಡಿಯತೊಡಗಿತು. ಮೂಲೆಯಲ್ಲಿ ಬಿದ್ದಿದ್ದ ಸೋಫಾದ ನಾಲ್ಕನೇ ಕಾಲನ್ನು ತಂದು ಸಂದಿಗೆ ಸಿಕ್ಕಿಸಿದೆ. ಅಳತೆ ತೆಗೆದು ಮಾಡಿಸಿದ ಹಾಗೆ ಕೂತಿತು.