ರಾತ್ರಿ ಬಾಟಲಿ ಬಿಡಿಸಿದ್ದು

ಮಗುವಿಗೆ ಹಗಲಿನ ಹಾಲಿನ ಬಾಟಲಿ ಬಿಡಿಸೋದು ಅಂಥ ದೊಡ್ಡ ವಿಷಯವೇನಲ್ಲ. ಪಾಡು ಇರೋದೆಲ್ಲ ರಾತ್ರಿಯದ್ದರಲ್ಲಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕಂದ್ರೆ ನಾನು ಕೇಳಿದವರೆಲ್ಲ "ಒಂದಿನ ಎತ್ತಿಟ್ಟುಬಿಡು, ಅತ್ತೂ ಅತ್ತೂ ತಾನೇ ಸುಮ್ಮನಾಗುತ್ತೆ" ಅಂತಲೇ ಹೇಳುತ್ತಿದ್ದರು. ಕೆಲವು ಮಕ್ಕಳು ಹಾಗೆ ಬಿಡುತ್ತವೇನೋ. ನಮ್ಮವಳು ಆ ಪೈಕಿ ಅಲ್ಲ.

ಅವಳಿಗೆ ಆಗ 15 ತಿಂಗಳು. ಲಸಿಕೆಗೆ ಕರೆದುಕೊಂಡು ಹೋದಾಗ ಮಕ್ಕಳ ಡಾಕ್ಟರು ಬೆರಳಿನಿಂದ ಅವಳ ಮೇಲ್ದುಟಿ ಎತ್ತಿ ಟಾರ್ಚ್ ಬಿಟ್ಟು ನೋಡಿದರು. "ಇಲ್ಲಿ ಬಗ್ಗಿ ನೋಡಿ" ಅಂದರು. ಮೇಲಿನ ಮುಂದಿನ ಹಲ್ಲುಗಳ ಬುಡದಲ್ಲಿ, ವಸಡಿಗೆ ತಾಗಿಕೊಂಡು, ಸೀಮೆಸುಣ್ಣದಲ್ಲಿ ಎಳೆದ ಹಾಗೆ ಒಂದು ಬಿಳಿ ಗೆರೆ. ದಿನಾ ನೋಡೋ ಬಾಯಿ, ಆದರೂ ತುಟಿ ಎತ್ತದಿದ್ದರೆ ಅದು ಕಾಣುವುದೇ ಇಲ್ಲ. ಹುಳುಕು ಕಪ್ಪಗೆ ಬರುತ್ತೆ ಅಂತ ನಾವು ಅಂದುಕೊಂಡಿರುತ್ತೇವೆ, ಶುರುವಾಗೋದು ಬೆಳ್ಳಗೇ. ಇನ್ನೂ ತೂತು ಬಿದ್ದಿಲ್ಲ, ಈಗ ಎಚ್ಚೆತ್ತುಕೊಂಡರೆ ಇಲ್ಲಿಗೇ ನಿಲ್ಲಿಸಬಹುದು ಅಂದರು. ಆಮೇಲೆ ಕೇಳಿದ್ದು ಒಂದೇ: "ರಾತ್ರಿ ಬಾಟಲಿ ಬಾಯಲ್ಲಿಟ್ಟುಕೊಂಡೇ ನಿದ್ದೆ ಹೋಗ್ತಾಳಾ?"

ಹೌದು, ಹಾಗೇ ಹೋಗುತ್ತಿದ್ದಳು. ನಿದ್ದೆಯಲ್ಲಿ ಬಾಯಲ್ಲಿ ಎಂಜಲು ಊರುವುದು ತುಂಬಾ ಕಮ್ಮಿಯಾಗುತ್ತದಂತೆ, ಹಾಗಾಗಿ ಹಲ್ಲಿನ ಸುತ್ತ ನಿಂತ ಹಾಲು ಅಲ್ಲೇ ಇರುತ್ತದೆ. ನಾವು ಸಕ್ಕರೆ ಹಾಕಿರಲಿಲ್ಲ, ಆದರೆ ಹಾಲಿನಲ್ಲಿ ಅದರದ್ದೇ ಸಕ್ಕರೆ ಇರುತ್ತಲ್ವಾ, ಬಾಯಲ್ಲಿರೋ ಬ್ಯಾಕ್ಟೀರಿಯಾಕ್ಕೆ ಅಷ್ಟು ಸಾಕು, ಅದನ್ನೇ ಆಮ್ಲ ಮಾಡಿ ಹಲ್ಲನ್ನು ತಿನ್ನುತ್ತದೆ. ಕೆಳಗಿನ ಹಲ್ಲುಗಳು ನಾಲಿಗೆಯ ಮರೆಯಲ್ಲಿ ಇರೋದರಿಂದ ಬಚಾವು. ಅದಕ್ಕೇ ಮೇಲಿನವೇ ಮೊದಲು ಹೋಗೋದು.

ಬಿಡಿಸೋಕೆ ಯಾವುದು ಸರಿಯಾದ ವಯಸ್ಸು ಅಂತ ಕೇಳಿದೆ. 6 ತಿಂಗಳಿಗೆ ಊಟ ಶುರು ಮಾಡುವಾಗಲೇ ಲೋಟದ ಅಭ್ಯಾಸ ಮಾಡಿಸಬಹುದು, 12ರ ಹೊತ್ತಿಗೆ ಬಾಟಲಿ ಕಮ್ಮಿ ಮಾಡುತ್ತಾ ಬಂದು 18 ತಿಂಗಳೊಳಗೆ ಪೂರ್ತಿ ನಿಲ್ಲಿಸೋದು ಒಳ್ಳೇದು ಅಂದರು. ಎಷ್ಟು ಹಾಲು ಕುಡೀತಾಳೆ ಅಂತ ಲೆಕ್ಕ ಹಾಕಿಸಿದರು. ಹತ್ತಿರ ಹತ್ತಿರ ಒಂದು ಲೀಟರ್! ಈ ವಯಸ್ಸಿಗೆ ಅರ್ಧ ಲೀಟರ್ ಆಸುಪಾಸು ಧಾರಾಳ ಸಾಕು, ಮುಕ್ಕಾಲು ಲೀಟರ್ ದಾಟಲೇಬಾರದು. ಹಸುವಿನ ಹಾಲಲ್ಲಿ ಕಬ್ಬಿಣದ ಅಂಶ ಇಲ್ಲವೆನ್ನುವಷ್ಟು ಕಮ್ಮಿ. ಹೊಟ್ಟೆಯೆಲ್ಲ ಅದೇ ತುಂಬಿಕೊಂಡರೆ ಮಗು ಊಟ ಮಾಡಲ್ಲ, ರಕ್ತ ಕಮ್ಮಿಯಾಗುತ್ತದೆ. ಇವಳು ಊಟಕ್ಕೆ ಬಾಯಿ ಮುಚ್ಚಿಕೊಳ್ಳುತ್ತಾಳೆ ಅಂತ ನಾವು ಅದಕ್ಕೂ ಸೇರಿಸಿ ಇನ್ನೊಂದು ಬಾಟಲಿ ಕೊಡುತ್ತಿದ್ದೆವು ನೋಡಿ.

ಮಧ್ಯಾಹ್ನದ ಬಾಟಲಿ ಮೊದಲು ಹೋಯಿತು, ಆಮೇಲೆ ಬೆಳಗಿನದ್ದು. ಆಟದ ಗುಂಗಿನಲ್ಲಿ ಅವಳಿಗೆ ಅದರ ನೆನಪೂ ಬರಲಿಲ್ಲ. ಲೋಟ ಕಲಿಸಿದ್ದು ಸ್ನಾನದ ಹೊತ್ತಲ್ಲಿ. ಎಷ್ಟು ಚೆಲ್ಲಿದರೂ ಯಾರೂ ಬೈಯಲ್ಲ, ಒರೆಸೋ ಕೆಲಸವೂ ಇಲ್ಲ. ಪುಟ್ಟ ಲೋಟದ ತಳದಲ್ಲಿ ಎರಡು ಗುಟುಕು ನೀರು ಹಾಕಿ ಕೊಟ್ಟರೆ ಮೂಗನ್ನೂ ಒಳಗೆ ತೂರಿಸಿ ಬುಳುಬುಳು ಊದುತ್ತಿದ್ದಳು, ಕೆಮ್ಮುತ್ತಿದ್ದಳು, ಮತ್ತೆ ಬೇಕು ಅಂತ ಕೈ ಚಾಚುತ್ತಿದ್ದಳು. ಅಡ್ಡ ಹಾಕಿದರೂ ಸೋರದ ಸಿಪ್ಪರ್ ಕಪ್ ಒಂದನ್ನು ಕೊಂಡಿದ್ದೆ, ಆದರೆ ಅದರಲ್ಲೂ ಚೀಪಲೇಬೇಕು. ಬಾಟಲಿ ಹೋಗಿ ಇನ್ನೊಂದು ಬಾಟಲಿ ಬಂದ ಹಾಗಾಯಿತು ಅಷ್ಟೇ. ಅದನ್ನು ಪಕ್ಕಕ್ಕಿಟ್ಟೆ.

ರಾತ್ರಿಯದ್ದಕ್ಕೆ ನೀರು ಬೆರೆಸೋ ದಾರಿ ಹಿಡಿದೆವು. ಮೊದಲು ಕಾಲು ಭಾಗ ನೀರು, ಅದು ರೂಢಿಯಾದ ಮೇಲೆ ಅರ್ಧ, ಹೀಗೆ. ಒಂದು ವರ್ಷ ತುಂಬದ ಮಗುವಿಗೆ ಮಾತ್ರ ಇದನ್ನು ಮಾಡಲೇಬಾರದು, ಅವಕ್ಕೆ ಹಾಲೇ ಆಹಾರ, ನೀರು ಬೆರೆಸಿದರೆ ಅಪಾಯ. ನಮ್ಮವಳಿಗೆ ಹೊಟ್ಟೆ ತುಂಬಿಸೋಕೆ ಬೇರೆ ಊಟ ಇತ್ತು. ಜೊತೆಗೆ ಹಾಲಿನ ಜಾಗ ಬದಲಾಯಿಸಿದೆವು. ಮಲಗೋ ಕೋಣೆಯಲ್ಲಿ ಹಾಲಿಲ್ಲ. ಊಟದ ಜೊತೆಗೇ ಲೋಟದಲ್ಲಿ ಕುಡಿಯೋದು, ಹಲ್ಲುಜ್ಜೋದು, ಆಮೇಲೆ ಹಾಸಿಗೆ.

ಬಾಟಲಿಯಲ್ಲಿ ಬರೀ ನೀರಿದ್ದ ಮೊದಲ ರಾತ್ರಿ ಇದೆಯಲ್ಲ, ಅದನ್ನು ಮರೆಯೋ ಹಾಗಿಲ್ಲ. ಎರಡು ಸಲ ಚೀಪಿದಳು. ಬಾಯಿಂದ ತೆಗೆದಳು. ಕತ್ತಲಲ್ಲೇ ಬಾಟಲಿ ಅಲ್ಲಾಡಿಸಿ ನೋಡಿ, ನನ್ನ ಕೈಗೆ ಕೊಟ್ಟು "ಆಲು" ಅಂದಳು. ಏನೋ ತಪ್ಪಾಗಿದೆ, ಸರಿ ಮಾಡಿಕೊಡು ಅನ್ನೋ ಹಾಗೆ. ಹಾಲು ಬೆಳಿಗ್ಗೆ ಅಂದೆ. ಅಷ್ಟೇ, ಶುರುವಾಯಿತು. ಬೆನ್ನು ಬಿಲ್ಲಿನಂತೆ ಮಾಡಿಕೊಂಡು, ಉಸಿರು ಕಟ್ಟುವ ಹಾಗೆ ಅತ್ತಳು. ಅತ್ತೆ ಬಾಗಿಲಲ್ಲಿ ಬಂದು ನಿಂತು "ಇವತ್ತೊಂದಿನ ಕೊಟ್ಟುಬಿಡೇ, ಮಗು ಗಂಟಲು ಹರಿದುಕೊಳ್ತಿದೆ" ಅಂದರು. ನನಗೂ ಅಡುಗೆಮನೆ ಕಡೆ ಕಾಲು ಎಳೆಯುತ್ತಿತ್ತು. ಆದರೆ ಇಷ್ಟು ಅಳಿಸಿ ಆಮೇಲೆ ಕೊಟ್ಟರೆ, ಇಷ್ಟು ಅತ್ತರೆ ಸಿಗುತ್ತದೆ ಅಂತ ನಾನೇ ಕಲಿಸಿದ ಹಾಗಾಗುತ್ತಿತ್ತು. ನನ್ನ ಗಂಡ ಅವಳನ್ನು ಎತ್ತಿ ಹೆಗಲಿಗೆ ಹಾಕಿಕೊಂಡು ಹಾಲ್‌ನಲ್ಲಿ ಓಡಾಡೋಕೆ ಶುರು ಮಾಡಿದರು. ನಾನು ಕಣ್ಣಿಗೆ ಬೀಳದಿದ್ದ ಮೇಲೆ ಅಳು ಸ್ವಲ್ಪ ತಗ್ಗಿತು. ಕೊನೆಗೆ ಅವರ ಶರ್ಟಿನ ಕಾಲರ್ ಮುಷ್ಟಿಯಲ್ಲಿ ಹಿಡಿದು ಮಲಗಿದಳು. ಬೇಕಾಗಿದ್ದದ್ದು ಹಾಲಲ್ಲ, ನಿದ್ದೆಗೆ ಜಾರುವಾಗ ಹಿಡಿದುಕೊಳ್ಳೋಕೆ ಏನಾದರೊಂದು, ಅಂತ ಆಗ ಹೊಳೆಯಿತು. ಮಾರನೇ ದಿನದಿಂದ ಒಂದು ಹಳೇ ಶರ್ಟ್ ಅವಳದ್ದಾಯಿತು. ಮಲಗಿಸೋ ಕೆಲಸ ಕೆಲವು ದಿನ ಪೂರ್ತಿ ಅವರದ್ದೇ.

ನಿಪ್ಪಲ್‌ಗೆ ಕಹಿ ಹಚ್ಚು ಅಂದವರೂ ಇದ್ದರು. ನನಗೆ ಮನಸ್ಸು ಬರಲಿಲ್ಲ. ನಾಳೆ ಮೊದಲ ಸಲ ಒಂದು ಔಷಧ ಕುಡಿಸಬೇಕಾದರೆ ಇವಳು ನನ್ನ ಕೈಯನ್ನೇ ನಂಬದೆ ಹೋದರೆ?

ನಡುವೆ ಜ್ವರ ಬಂದಿತ್ತು, ಆಗ ಎಲ್ಲ ಪ್ರಯೋಗಕ್ಕೂ ರಜೆ ಕೊಟ್ಟೆವು. ಮಗುವಿಗೆ ಹುಷಾರಿಲ್ಲದಾಗ, ಮನೆ ಬದಲಾಯಿಸುವಾಗ, ಇನ್ನೊಂದು ಕೂಸು ಬರೋ ಹೊತ್ತಲ್ಲಿ ಇದಕ್ಕೆ ಕೈ ಹಾಕದಿರೋದೇ ವಾಸಿ. ಹಾಗಂತ ಒಳ್ಳೆ ದಿನ ಹುಡುಕುತ್ತಾ ಕೂತರೆ ಎರಡು ವರ್ಷ ದಾಟಿರುತ್ತದೆ. ಆಗ ಮಗುವಿಗೆ ಹಟದ ಜೊತೆ ಮಾತೂ ಬಂದಿರುತ್ತೆ, ವಾದ ಮಾಡುತ್ತೆ!

ಹಾಲು ಈಗ ಅರ್ಧಕ್ಕಿಂತ ಕಮ್ಮಿಯಾಗಿದೆ, ಊಟ ಜಾಸ್ತಿಯಾಗಿದೆ. ಬೆಳಿಗ್ಗೆ ಎದ್ದ ತಕ್ಷಣ ತಟ್ಟೆ ತೋರಿಸುತ್ತಾಳೆ. ಹಲ್ಲಿಗೆ ಫ್ಲೋರೈಡ್ ವಾರ್ನಿಶ್, ಅಂದ್ರೆ ಹುಳುಕು ತಡೆಯೋ ಲೇಪ, ಹಚ್ಚಿಸಿದ್ದೇವೆ, ಅಕ್ಕಿ ಕಾಳಿನಷ್ಟು ಪೇಸ್ಟ್ ಹಾಕಿ ಎರಡು ಹೊತ್ತು ಉಜ್ಜುತ್ತೇವೆ. ಬಿಳಿ ಗೆರೆ ಇನ್ನೂ ಇದೆ, ಬೆಳೆದಿಲ್ಲ. ಮಗು ಸೊರಗುತ್ತಿದೆ ಅಂತ ಅತ್ತೆ ಗೊಣಗುತ್ತಾರೆ, ತೂಕದ ಚೀಟಿ ತೋರಿಸಿದರೆ ಆ ತೂಕದ ಮಿಷನ್ನೇ ಸರಿಯಿಲ್ಲ ಅನ್ನುತ್ತಾರೆ.