ಹತ್ತು ಸೆಂಟಿನ ಸೋಪಿಗೆ ಎಷ್ಟು ತೆರಿಗೆ?

ಮೈಸೂರಿನಲ್ಲಿ ನಡೆದ ಒಂದು ನಾಣ್ಯ ಪ್ರದರ್ಶನದಲ್ಲಿ ಹಳೇ ದುಡ್ಡು ಮಾರುವವರ ಡಬ್ಬದ ತಳದಲ್ಲಿ ಒಂದು ಕೆಂಪು ಪ್ಲಾಸ್ಟಿಕ್ ಬಿಲ್ಲೆ ಸಿಕ್ಕಿತು. "ಮಕ್ಕಳ ಆಟದ್ದು ಇರಬೇಕು ಸಾರ್, ಸುಮ್ನೆ ತಗೊಂಡು ಹೋಗಿ" ಅಂದರು. ಕಣ್ಣ ಹತ್ತಿರ ಹಿಡಿದು ನೋಡಿದರೆ ಇಂಗ್ಲಿಷಿನಲ್ಲಿ 'ಮಿಸೌರಿ ಸೇಲ್ಸ್ ಟ್ಯಾಕ್ಸ್ ರಿಸೀಟ್' ಅಂತ ಬರೆದಿದೆ (ಮಿಸೌರಿ ಅಮೆರಿಕದ ಒಂದು ರಾಜ್ಯ), ಜೊತೆಗೆ 1 ಅನ್ನೋ ಅಂಕಿ. ಈ ಒಂದು ಅಂದರೆ ಒಂದು ಡಾಲರ್ ಅಲ್ಲ, ಅದರ ನೂರನೇ ಒಂದು ಭಾಗವಾದ ಸೆಂಟೂ ಅಲ್ಲ. ಒಂದು ಮಿಲ್. ಸೆಂಟಿನಲ್ಲಿ ಹತ್ತನೇ ಒಂದು ಭಾಗ.

ಇಷ್ಟು ಚಿಲ್ಲರೆ ದುಡ್ಡಿಗೆ ಒಂದು ಸರ್ಕಾರ ಯಾಕೆ ಬಿಲ್ಲೆ ಮಾಡಿಸಿತು ಅನ್ನೋದೇ ಮಜವಾದ ಕಥೆ.

1930ರ ದಶಕದ ಆರ್ಥಿಕ ಕುಸಿತದಲ್ಲಿ ಅಮೆರಿಕದ ಗತಿ ಗೊತ್ತಲ್ವಾ, 1933ರ ಹೊತ್ತಿಗೆ ಕೆಲಸ ಮಾಡೋರಲ್ಲಿ ನಾಲ್ಕಕ್ಕೆ ಒಬ್ಬರು ಮನೇಲಿ ಕೂತಿದ್ದರು. ಅಲ್ಲಿನ ರಾಜ್ಯಗಳು, ಊರಿನ ಆಡಳಿತಗಳು ಒಟ್ಟಾರೆ ಬಹಳ ಮಟ್ಟಿಗೆ ಮನೆ ಜಮೀನಿನ ಕಂದಾಯದ ಮೇಲೆ ನಡೀತಿದ್ದವು. ಬೆಳೆಗೆ ಬೆಲೆ ಇಲ್ಲ, ಸಂಬಳ ಇಲ್ಲ, ಕಂದಾಯ ಎಲ್ಲಿಂದ ಕಟ್ಟೋದು? ಖಜಾನೆ ಖಾಲಿ. ಶಾಲೆ ನಡೆಸಬೇಕು, ಹಸಿದವರಿಗೆ ಅಷ್ಟೋ ಇಷ್ಟೋ ಕೊಡಬೇಕು. ಆಗ 1932ರಲ್ಲಿ ಮಿಸಿಸಿಪ್ಪಿ ರಾಜ್ಯ ಕೊಳ್ಳುವ ಸಾಮಾನಿನ ಮೇಲೆ ನೂರಕ್ಕೆ ಎರಡರಂತೆ ತೆರಿಗೆ ಹಾಕಿತು, ಅದನ್ನು ನೋಡಿ ಕೆಲವೇ ವರ್ಷಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ರಾಜ್ಯಗಳು ಅದೇ ದಾರಿ ಹಿಡಿದವು.

ತೊಂದರೆ ಬಂದಿದ್ದು ಸಣ್ಣ ವ್ಯಾಪಾರದಲ್ಲಿ. 1935ರಲ್ಲಿ ಮಿಸೌರಿಯ ತೆರಿಗೆ ನೂರಕ್ಕೆ ಒಂದು. ಹತ್ತು ಸೆಂಟಿನ ಸೋಪು ಕೊಂಡರೆ ತೆರಿಗೆ ಒಂದು ಮಿಲ್. ಆದರೆ ಸೆಂಟಿಗಿಂತ ಚಿಕ್ಕ ನಾಣ್ಯವೇ ಇಲ್ಲ. ಅಂಗಡಿಯವನು ಒಂದು ಸೆಂಟ್ ಪೂರ್ತಿ ಹಿಡಿದುಕೊಂಡರೆ ನೂರಕ್ಕೆ ಒಂದು ಅಂತ ಹೇಳಿದ ತೆರಿಗೆ ನೂರಕ್ಕೆ ಹತ್ತಾಯಿತು. ದೊಡ್ಡ ಸಾಮಾನು ಕೊಳ್ಳೋರಿಗೆ ಇದು ಲೆಕ್ಕಕ್ಕೇ ಇಲ್ಲ. ದಿನಾ ಹತ್ತು ಸೆಂಟು, ಹದಿನೈದು ಸೆಂಟಿನ ಸಾಮಾನು ತರೋ ಬಡವರ ಮನೆಗೇ ಪೆಟ್ಟು.

ಅದಕ್ಕೇ ಬಿಲ್ಲೆ. ನೀವು ಹನ್ನೊಂದು ಸೆಂಟ್ ಕೊಟ್ಟರೆ ಅಂಗಡಿಯವನು ಒಂಬತ್ತು ಮಿಲ್ ವಾಪಸ್ ಕೊಡಬೇಕು: ಐದರದ್ದು ಒಂದು, ಒಂದರದ್ದು ನಾಲ್ಕು. ಮುಂದಿನ ಸಲ ಆ ಬಿಲ್ಲೆಗಳಲ್ಲೇ ತೆರಿಗೆ ಕಟ್ಟಬಹುದು. ಮಿಸೌರಿಯಲ್ಲಿ ಮೊದಲು ಬಂದಿದ್ದು ರಟ್ಟಿನ ಬಿಲ್ಲೆ, ನೋಡೋಕೆ ಹಾಲಿನ ಬಾಟಲಿಯ ಮುಚ್ಚಳದ ಥರವೇ ಇತ್ತು. ಆಮೇಲೆ ಸತುವಿನದ್ದು ಬಂತು. ಎರಡನೇ ಮಹಾಯುದ್ಧದ ಕಾಲದಲ್ಲಿ ಲೋಹ ಸಿಗದೆ ಪ್ಲಾಸ್ಟಿಕ್ ಆಯಿತು, ನನ್ನ ಕೈಗೆ ಬಂದಿರೋದು ಆ ಕಾಲದ್ದು. (ನಮ್ಮಲ್ಲೂ 1943ರಿಂದ ನಡುವೆ ತೂತಿರುವ ಕಾಸು ಬಂತಲ್ಲ, ಅದೂ ಲೋಹ ಉಳಿಸೋಕೇ.)

ಅಮೆರಿಕದ ಕೇಂದ್ರ ಸರ್ಕಾರಕ್ಕೆ ಈ ಬಿಲ್ಲೆ ಹಿಡಿಸಲಿಲ್ಲ. ನಾಣ್ಯ ಹೊಡೆಯೋ ಹಕ್ಕು ನಮ್ಮದು ಅನ್ನೋದು ಅವರ ವಾದ. ಇಲಿನಾಯ್ ರಾಜ್ಯದ ದುಂಡು ಬಿಲ್ಲೆ ಹತ್ತು ಸೆಂಟಿನ ನಾಣ್ಯದ ಅಳತೆಗೇ ಇತ್ತು ಅಂತ ತಕರಾರು ಬಂತು, ಅವರು ಚೌಕದ್ದು ಮಾಡಿಸಿದರು. ನನ್ನ ಬಿಲ್ಲೆಯ ಮೇಲೆ 'ರಿಸೀಟ್' ಅಂತ ಹಾಕಿರೋದೂ ಇದೇ ಜಾಣತನ ಅನ್ಸುತ್ತೆ. ಇದು ದುಡ್ಡಲ್ಲ ಸ್ವಾಮಿ, ಬರೀ ರಸೀದಿ!

ಬೇರೆ ರಾಜ್ಯಗಳ ಬಿಲ್ಲೆ ಮೇಲೆ ಬರೆದಿರೋದು ಇನ್ನೂ ಚೆನ್ನಾಗಿದೆ. ಓಕ್ಲಹಾಮದ್ದರಲ್ಲಿ 'ವೃದ್ಧರ ನೆರವಿಗಾಗಿ', ನ್ಯೂ ಮೆಕ್ಸಿಕೊದ್ದರಲ್ಲಿ 'ತುರ್ತು ಶಾಲಾ ತೆರಿಗೆ'. ಬೈಯ್ಯಬೇಡಿ, ಒಳ್ಳೇದಕ್ಕೇ ತಗೋತಿದ್ದೀವಿ ಅಂತ ಕೈಮುಗಿದ ಹಾಗಿದೆ. ಅಲಬಾಮದವರು ಮಾತ್ರ 'ಐಷಾರಾಮಿ ತೆರಿಗೆ' ಅಂತ ಕೆತ್ತಿಸಿಬಿಟ್ಟರು. ಚಿಲ್ಲರೆ ಸಾಮಾನು ಕೊಂಡು ಇದನ್ನು ಕೈಯಲ್ಲಿ ಹಿಡಿದ ಕೂಲಿಯವನಿಗೆ ಹೇಗೆ ಅನ್ನಿಸಿರಬೇಡ!

ಮಂಡ್ಯದಲ್ಲಿ ಬಹಳ ವರ್ಷ ದಿನಸಿ ಅಂಗಡಿ ನಡೆಸಿದ ನಮ್ಮ ಮಾವನಿಗೆ ಇದನ್ನು ತೋರಿಸಿದೆ. ತಿರುಗಿಸಿ ಮುರುಗಿಸಿ ನೋಡಿ, "ಅಲ್ಲ ಕಣಪ್ಪ, ಇದರ ಲೆಕ್ಕ ಇಡೋ ಅಂಗಡಿಯವನ ಗತಿ ಏನು? ಸಂಜೆ ಗಲ್ಲಾಪೆಟ್ಟಿಗೆ ಎಣಿಸೋನು ಅವನು ತಾನೇ" ಅಂದರು.

"ಅದು ಸರಿ ಮಾವ, ನಿಮ್ಮ ಕಾಲದಲ್ಲಿ ಏನ್ ಮಾಡ್ತಿದ್ರಿ?"

ಮಾವ ನಕ್ಕರು. ಆಗ ಪೊಟ್ಟಣದ ಮೇಲೆ ಬೆಲೆ ಹಾಕಿ 'ಸ್ಥಳೀಯ ತೆರಿಗೆ ಪ್ರತ್ಯೇಕ' ಅಂತ ಅಚ್ಚು ಮಾಡ್ತಿದ್ದರಂತೆ. ಆ ಪ್ರತ್ಯೇಕ ಎಷ್ಟು ಅಂತ ಗಿರಾಕಿಗೆ ಗೊತ್ತಿರಲಿಲ್ಲ. ಅಂಗಡಿಯವನು ಹೇಳಿದ್ದೇ ತೆರಿಗೆ. 1990ರಲ್ಲಿ ಎಲ್ಲ ತೆರಿಗೆ ಸೇರಿಸಿಯೇ ಎಂಆರ್‌ಪಿ ಹಾಕಬೇಕು ಅನ್ನೋ ನಿಯಮ ಬಂದ ಮೇಲೆ ಆ ಆಟ ನಿಂತಿತು.

ನನಗೆ ಅನ್ನಿಸೋದು ಇಷ್ಟೇ. ಸುತ್ತಿ ಸುತ್ತಿ ಪ್ರಶ್ನೆ ಒಂದೇ: ಉಳಿದ ಚೂರು ಯಾರ ಜೇಬಿಗೆ? ಆ ಬಿಲ್ಲೆ ಎಷ್ಟೇ ರಗಳೆ ಇರಲಿ, ಚೂರು ಗಿರಾಕಿಯದ್ದು ಅಂತ ಒಪ್ಪಿಕೊಂಡಿತ್ತು. ಜನ ಅದನ್ನು ಬೈದರು, ವ್ಯಾಪಾರಿಗಳೂ ಬೈದರು. ಇಷ್ಟು ಸೆಂಟಿನಿಂದ ಇಷ್ಟು ಸೆಂಟಿನವರೆಗಿನ ಸಾಮಾನಿಗೆ ಇಷ್ಟು ತೆರಿಗೆ ಅನ್ನೋ ಪಟ್ಟಿ ಬಂತು, ಹೆಚ್ಚು ಕಡಿಮೆ ಸರಿದೂಗುತ್ತೆ ಅಂತ ಎಲ್ಲರೂ ಸುಮ್ಮನಾದರು. ಕೊನೆಯವರೆಗೂ ಬಿಲ್ಲೆ ಬಿಡದ ಮಿಸೌರಿಯೂ 1961ರಲ್ಲಿ ಕೈಬಿಟ್ಟಿತು.

ನಮ್ಮಲ್ಲಿ 25 ಪೈಸೆ ಚಲಾವಣೆ 2011ರಲ್ಲೇ ಮುಗಿಯಿತು. ಆದರೆ ಜಿಎಸ್‌ಟಿ ಬಿಲ್ಲಿನಲ್ಲಿ ಅದಿನ್ನೂ ಇದೆ. ಮೊನ್ನೆ ಹೋಟೆಲಿನಲ್ಲಿ ದೋಸೆ ಕಾಫಿಗೆ 95 ರೂಪಾಯಿ, ತೆರಿಗೆ ನೂರಕ್ಕೆ ಐದರಂತೆ 4.75, ಕೆಳಗೆ 'ರೌಂಡ್ ಆಫ್ 0.25', ಒಟ್ಟು ನೂರು. ನಾನು ಕೊಟ್ಟಿದ್ದು ನೋಟಲ್ಲ, ಫೋನಿನಲ್ಲಿ. 99.75 ಅಂತ ಒತ್ತಿದ್ದರೂ ಹೋಗ್ತಿತ್ತು ಅಲ್ವಾ? ಚಿಲ್ಲರೆ ಇಲ್ಲ ಅನ್ನೋಕೆ ಈಗ ಯಾವ ನೆಪವೂ ಇಲ್ಲ. ಕ್ಯಾಷಿಯರ್‌ಗೆ ಹೇಳಿದೆ. "ಸಿಸ್ಟಮ್ಮೇ ಹಾಗೆ ಸಾರ್" ಅಂದು ಮುಂದಿನವರ ಬಿಲ್ಲಿಗೆ ಕೈ ಚಾಚಿದ.